ಪದ ಪರಿಚಯ: ಭದ್ರತೆಯ ಇಕ್ಕಟ್ಟು

ಒಂದು ದೇಶ ತನ್ನ ರಕ್ಷಣೆಗೆಂದು ಸೇನೆಯನ್ನು ಬಲಪಡಿಸುತ್ತದೆ. ನೆರೆಯ ದೇಶದ ಕಣ್ಣಿಗೆ ಬೀಳುವುದು ಟ್ಯಾಂಕು, ಹಡಗು, ಕ್ಷಿಪಣಿ. ಉದ್ದೇಶ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ಅದೂ ಹೆದರಿ ತನ್ನ ಸೇನೆ ಬೆಳೆಸುತ್ತದೆ. ಅದನ್ನು ಕಂಡ ಮೊದಲ ದೇಶ, ತಾನು ಹೆದರಿದ್ದೇ ಸರಿಯಾಯಿತು ಎಂದುಕೊಂಡು ಇನ್ನಷ್ಟು ಆಯುಧ ಕೊಳ್ಳುತ್ತದೆ. ಯುದ್ಧಕ್ಕೆ ಹೋಗುವ ಆಸೆ ಇಬ್ಬರಿಗೂ ಇರಲಿಲ್ಲ, ಆದರೂ ಇಬ್ಬರೂ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಇದನ್ನು ಸೆಕ್ಯುರಿಟಿ ಡೈಲೆಮಾ, ಅಂದರೆ ಭದ್ರತೆಯ ಇಕ್ಕಟ್ಟು ಎನ್ನುತ್ತಾರೆ.

ಈ ಹೆಸರು ಕೊಟ್ಟವರು ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಅಮೆರಿಕ ಸೇರಿದ ಜಾನ್ ಹರ್ಟ್ಸ್, 1950ರಲ್ಲಿ. ಮರುವರ್ಷವೇ ಇಂಗ್ಲೆಂಡಿನ ಇತಿಹಾಸಕಾರ ಹರ್ಬರ್ಟ್ ಬಟರ್‌ಫೀಲ್ಡ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದರು: ನಮ್ಮ ಭಯ ನಮಗೆ ಗೊತ್ತು, ಎದುರಿನವನ ಭಯದೊಳಗೆ ಹೊಕ್ಕು ನೋಡಲು ನಮ್ಮಿಂದ ಆಗದು. ಆದರೆ ಈ ಪರಿಕಲ್ಪನೆಯನ್ನು ನಿಜವಾಗಿ ಬಳಕೆಗೆ ಒದಗುವಂತೆ ಮಾಡಿದ್ದು ಅಮೆರಿಕದ ರಾಬರ್ಟ್ ಜರ್ವಿಸ್ 1978ರಲ್ಲಿ ಬರೆದ ಲೇಖನ.

ಜರ್ವಿಸ್ ಕೇಳಿದ್ದು ಎರಡು ಪ್ರಶ್ನೆ. ಈಗಿರುವ ತಂತ್ರಜ್ಞಾನ ಮತ್ತು ಭೂಗೋಳದಲ್ಲಿ ಆಕ್ರಮಣ ಸುಲಭವೋ, ರಕ್ಷಣೆ ಸುಲಭವೋ? ದಾಳಿಯ ಆಯುಧ ಯಾವುದು, ಕಾವಲಿನ ಆಯುಧ ಯಾವುದು ಎಂದು ನೋಡಿ ಹೇಳಲು ಬರುತ್ತದೆಯೋ, ಇಲ್ಲವೋ? ಆಕ್ರಮಣ ಸುಲಭವಾಗಿದ್ದು, ಆಯುಧ ನೋಡಿ ಏನೂ ಹೇಳಲಾಗದಿದ್ದರೆ ಪರಿಸ್ಥಿತಿ ಅತ್ಯಂತ ಕೆಟ್ಟದ್ದು. ಮೊದಲು ಹೊಡೆದವನಿಗೆ ಲಾಭ, ಕಾಯುತ್ತ ಕೂತವನಿಗೆ ನಷ್ಟ. ರಕ್ಷಣೆ ಸುಲಭವಾಗಿದ್ದು, ವ್ಯತ್ಯಾಸವೂ ಕಾಣುವಂತಿದ್ದರೆ ಇಕ್ಕಟ್ಟು ಹೆಚ್ಚುಕಡಿಮೆ ಇರುವುದೇ ಇಲ್ಲ. ಇವೆರಡರ ನಡುವೆ ಇನ್ನೆರಡು ಮಿಶ್ರ ಸ್ಥಿತಿಗಳಿವೆ.

ಎರಡನೆಯ ಪ್ರಶ್ನೆಯಲ್ಲೇ ಜನ ಹೆಚ್ಚು ಎಡವುವುದು. ಕೋಟೆಗೋಡೆ ರಕ್ಷಣೆಗೆ, ಟ್ಯಾಂಕು ಆಕ್ರಮಣಕ್ಕೆ ಎಂಬಷ್ಟು ಸರಳವಲ್ಲ ಇದು. ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ವ್ಯವಸ್ಥೆಯನ್ನು ನೋಡಿ. ಹೆಸರಿಗೆ ಅದು ಶುದ್ಧ ರಕ್ಷಣೆ. ಆದರೆ ಒಂದು ದೇಶ ತಾನೇ ಮೊದಲು ಪರಮಾಣು ದಾಳಿ ಮಾಡಿ, ಎದುರಾಳಿಯ ಬಳಿ ಉಳಿದ ಅಲ್ಪಸ್ವಲ್ಪ ಕ್ಷಿಪಣಿಗಳನ್ನು ಈ ವ್ಯವಸ್ಥೆಯಿಂದ ತಡೆಯಬಹುದು. ಆಗ ಅದೇ ಗುರಾಣಿ ಮೊದಲ ಏಟಿಗೆ ಧೈರ್ಯ ಕೊಡುತ್ತದೆ. ಇದಕ್ಕೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1972ರ ಒಪ್ಪಂದದಲ್ಲಿ ತಲಾ ಎರಡು ನೆಲೆ, ಪ್ರತಿ ನೆಲೆಗೆ 100 ತಡೆಕ್ಷಿಪಣಿ ಎಂದು ಮಿತಿ ಹಾಕಿಕೊಂಡವು; 1974ರಲ್ಲಿ ಅದನ್ನು ಒಂದೇ ನೆಲೆಗೆ ಇಳಿಸಿದವು. 2002ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂತು.

ತರಗತಿಗಳಲ್ಲಿ ಈ ಪರಿಕಲ್ಪನೆಗೆ ಕೊಡುವ ಸಿದ್ಧ ಉದಾಹರಣೆ ಮೊದಲ ಮಹಾಯುದ್ಧಕ್ಕೆ ಮುಂಚಿನ ಬ್ರಿಟನ್–ಜರ್ಮನಿ ನೌಕಾ ಪೈಪೋಟಿ. ಜರ್ಮನಿ 1898 ಮತ್ತು 1900ರ ಕಾಯ್ದೆಗಳಿಂದ ನೌಕಾಪಡೆ ಬೆಳೆಸಿತು, ಬ್ರಿಟನ್ 1906ರಲ್ಲಿ ಡ್ರೆಡ್‌ನಾಟ್ ಯುದ್ಧನೌಕೆಯನ್ನು ನೀರಿಗಿಳಿಸಿತು, ಜರ್ಮನಿ ಅದೇ ಮಾದರಿಯ ಹಡಗುಗಳನ್ನು ಕಟ್ಟತೊಡಗಿತು. 1907ರ ಜನವರಿ 1ರಂದು ಬ್ರಿಟಿಷ್ ವಿದೇಶಾಂಗ ಕಚೇರಿಯ ಏರ್ ಕ್ರೋ ಒಂದು ದೀರ್ಘ ಟಿಪ್ಪಣಿ ಬರೆದರು. ಜರ್ಮನಿ ಉದ್ದೇಶಪೂರ್ವಕವಾಗಿ ಯಜಮಾನಿಕೆಗೆ ಹೊರಟಿರಬಹುದು, ಅಥವಾ ಗೊತ್ತುಗುರಿಯಿಲ್ಲದೆ ಬೆಳೆಯುತ್ತಿರಬಹುದು. ಎರಡರಲ್ಲಿ ಯಾವುದೆಂದು ತೀರ್ಮಾನಿಸುವ ಅಗತ್ಯ ಬ್ರಿಟನ್ನಿಗಿಲ್ಲ, ಅಪಾಯ ಒಂದೇ ಎಂಬುದು ಅವರ ವಾದ. ಅದೇ ಕಚೇರಿಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಥಾಮಸ್ ಸ್ಯಾಂಡರ್ಸನ್ ಇದಕ್ಕೆ ಉತ್ತರಿಸುತ್ತ, ಹೊರಗಿನವರ ಕಣ್ಣಿಗೆ ಬ್ರಿಟಿಷ್ ಸಾಮ್ರಾಜ್ಯ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿದರು: ಭೂಮಿಯ ತುಂಬ ಮೈಚೆಲ್ಲಿ ಮಲಗಿದ ದೈತ್ಯ, ಊದಿಕೊಂಡು ನೋಯುವ ಬೆರಳುಗಳು ದಿಕ್ಕುದಿಕ್ಕಿಗೆ ಚಾಚಿವೆ, ಯಾರು ಹತ್ತಿರ ಸುಳಿದರೂ ಕಿರುಚಾಟ. ಭದ್ರತೆಯ ಇಕ್ಕಟ್ಟನ್ನು ಒಳಗಿದ್ದವರೇ ಗುರುತಿಸಿದ ಇಷ್ಟು ಸ್ಪಷ್ಟ ದಾಖಲೆ ಅಪರೂಪ. ಆದರೂ ಈ ಉದಾಹರಣೆ ಪೂರ್ತಿ ಹೊಂದುವುದಿಲ್ಲ. ಜರ್ಮನಿಯ ನೌಕಾ ಮಂತ್ರಿ ಟಿರ್ಪಿಟ್ಜ್ 1897ರಲ್ಲೇ ತಮ್ಮ ಟಿಪ್ಪಣಿಯಲ್ಲಿ ಇಂಗ್ಲೆಂಡನ್ನು ಸಮುದ್ರದಲ್ಲಿ ಅತ್ಯಂತ ಅಪಾಯಕಾರಿ ಶತ್ರು ಎಂದು ಹೆಸರಿಸಿದ್ದರು. ಆ ನೌಕಾಪಡೆ ಬ್ರಿಟನ್ನಿನ ಮೇಲೆ ಒತ್ತಡ ಹೇರಲೆಂದೇ ಹುಟ್ಟಿದ್ದು. ಲಂಡನ್ನಿನ ಭಯ ಬರೀ ತಪ್ಪುತಿಳಿವಳಿಕೆಯಲ್ಲ.

ನನ್ನ ಪ್ರಕಾರ ಈ ಪದದ ಬಳಕೆಯಲ್ಲಿ ಮುಖ್ಯವಾದದ್ದು ಇದೇ. ಎಲ್ಲ ಶಸ್ತ್ರ ಪೈಪೋಟಿಯೂ ಭದ್ರತೆಯ ಇಕ್ಕಟ್ಟಲ್ಲ. ಎರಡೂ ಕಡೆಯವರು ಇದ್ದುದನ್ನು ಉಳಿಸಿಕೊಂಡರೆ ಸಾಕು ಎನ್ನುವವರಾಗಿರಬೇಕು, ಎದುರಿನವನೂ ಹಾಗೆಯೇ ಎಂದು ನಂಬಲು ಇಬ್ಬರಿಗೂ ಆಗುತ್ತಿರಬಾರದು. ಒಬ್ಬನಿಗೆ ನಿಜವಾಗಿಯೂ ಪಕ್ಕದವನ ನೆಲ ಬೇಕಿದ್ದರೆ ಅದು ಇಕ್ಕಟ್ಟಲ್ಲ, ದುರಾಸೆ. ಎರಡನೆಯ ಮಹಾಯುದ್ಧದ ಮೂಲದಲ್ಲಿದ್ದದ್ದು ಜರ್ಮನಿಯ ಭದ್ರತೆಯ ಇಕ್ಕಟ್ಟು ಎನ್ನಲಾಗದು, ಅದು ಹಿಟ್ಲರನ ಮಹತ್ವಾಕಾಂಕ್ಷೆ ಎಂದು ಸ್ವತಃ ಹರ್ಟ್ಸ್ ಹೇಳಿದ್ದರು. ಈ ಭೇದ ಮರೆತರೆ ಮದ್ದೂ ತಪ್ಪುತ್ತದೆ. ಹೆದರಿದವನಿಗೆ ಭರವಸೆ ಕೊಟ್ಟರೆ ಶಾಂತನಾಗುತ್ತಾನೆ, ದುರಾಸೆಯವನಿಗೆ ಕೊಟ್ಟರೆ ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ತಿರುಗುಮುರುಗಾಗಿ, ಹೆದರಿದವನನ್ನು ಇನ್ನಷ್ಟು ಹೆದರಿಸಿದರೆ ಅವನು ಮೊದಲೇ ಹೊಡೆಯಬಹುದು.

ವಿದೇಶಾಂಗ ನೀತಿಯ ಬಗ್ಗೆ ಪತ್ರಿಕೆಗಳಿಗೆ ಬರೆಯುವ ಪ್ರಾಧ್ಯಾಪಕರಿಗೆ ಇದೊಂದು ನಿಜವಾದ ಕಷ್ಟ. ಇಕ್ಕಟ್ಟೋ ದುರಾಸೆಯೋ ಎಂದು ತೀರ್ಮಾನಿಸಲು ಎದುರಾಳಿಯ ಒಳಗಿನ ಕಡತಗಳು ಬೇಕು. ಬ್ರಿಟನ್ನಿನಲ್ಲಿ ದಶಕಗಳ ಕಾಲ ಅಂಥ ಕಡತ ತೆರೆಯಲು 30 ವರ್ಷ ಕಾಯಬೇಕಿತ್ತು, ಈಗ ಅದು 20 ವರ್ಷಕ್ಕೆ ಇಳಿದಿದೆ. ಹಲವು ದೇಶಗಳಲ್ಲಿ ಎಂದಿಗೂ ತೆರೆಯುವುದಿಲ್ಲ. ಅಂಕಣ ಮಾತ್ರ ಇವತ್ತೇ ಬೇಕು. ಸಂಶೋಧನಾ ಲೇಖನದಲ್ಲಿ "ಉದ್ದೇಶ ಇಂಥದ್ದೆಂದು ಭಾವಿಸಿದರೆ" ಎಂದು ಇದ್ದದ್ದು ಅಂಕಣಕ್ಕೆ ಬರುವಾಗ ಉದುರಿಹೋಗುತ್ತದೆ, ಉಳಿಯುವುದು ತೀರ್ಪು. ಉಕ್ರೇನ್ ವಿಷಯದಲ್ಲಿ ನಡೆದ ಜಗಳವನ್ನು ಹೀಗೆ ನೋಡಬಹುದು. 2014ರಲ್ಲಿ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜಾನ್ ಮೀರ್‌ಶೈಮರ್, ಉಕ್ರೇನ್ ಬಿಕ್ಕಟ್ಟಿಗೆ ಅಮೆರಿಕ ನೇತೃತ್ವದ ಸೇನಾ ಕೂಟವಾದ ನ್ಯಾಟೋದ ವಿಸ್ತರಣೆಯೇ ಮೂಲ ಕಾರಣ ಎಂದರು. ಮಾಸ್ಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೈಕಲ್ ಮ್ಯಾಕ್‌ಫಾಲ್ ಅದೇ ವರ್ಷ ಅದನ್ನು ಅಲ್ಲಗಳೆದು, ಕಾರಣ ರಷ್ಯಾದ ಒಳರಾಜಕೀಯದಲ್ಲಿದೆ ಎಂದರು. ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ ಎಂದು ಪುಟಿನ್ 2021ರ ಜುಲೈನಲ್ಲಿ ಬರೆದದ್ದು ನನಗೆ ಎರಡನೆಯ ವಾದದ ಕಡೆ ತೂಗುವ ಸಾಕ್ಷ್ಯವಾಗಿ ಕಾಣುತ್ತದೆ. ಭಯವೊಂದೇ ಇದ್ದವರು ನೆರೆಯವರ ಅಸ್ತಿತ್ವವನ್ನು ಪ್ರಶ್ನಿಸಬೇಕಾಗಿಲ್ಲ.

ಇಕ್ಕಟ್ಟನ್ನು ಸಡಿಲಿಸಲು ಆಗುತ್ತದೆ, ಆದರೆ ಮಾತಿನಿಂದಲ್ಲ. ದಾಳಿ ಮಾಡಬೇಕೆಂದಿರುವವನು ಎಂದಿಗೂ ಬಿಟ್ಟುಕೊಡಲಾರದ್ದನ್ನು ಬಿಟ್ಟುಕೊಟ್ಟು ತೋರಿಸಬೇಕು. 1988ರ ಡಿಸೆಂಬರ್ 7ರಂದು ವಿಶ್ವಸಂಸ್ಥೆಯಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ತಮ್ಮ ಸೇನೆಯಿಂದ 5 ಲಕ್ಷ ಜನರನ್ನು ಕಡಿತ ಮಾಡುವುದಾಗಿ ಹೇಳಿದರು. ಸಂಖ್ಯೆಗಿಂತ ಮುಖ್ಯವಾದದ್ದು ಕಡಿತದ ಬಗೆ: ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯಾ, ಹಂಗೇರಿಗಳಿಂದ ಆರು ಟ್ಯಾಂಕ್ ಡಿವಿಷನ್‌ಗಳ ಜೊತೆಗೆ, ಶತ್ರುವಿನ ಎದುರೇ ನದಿ ದಾಟಲು ಬೇಕಾದ ಪಡೆಗಳೂ ಸಲಕರಣೆಗಳೂ ವಾಪಸಾಗುವವು. ತನ್ನ ನೆಲ ಕಾಯುವವನಿಗಿಂತ, ಮುನ್ನುಗ್ಗುವವನಿಗೆ ಬೇಕಾದ ಸಾಮಾನು ಅದು. ಅದನ್ನು ತೆಗೆದರೆ ಉದ್ದೇಶ ಹೊರಗಿನಿಂದಲೂ ಕಾಣುತ್ತದೆ.

ಇನ್ನೊಂದು ದಾರಿ ಮುನ್ಸೂಚನೆ. 35 ದೇಶಗಳು ಸೇರಿ ಮಾಡಿಕೊಂಡ 1986ರ ಸ್ಟಾಕ್‌ಹೋಮ್ ಒಪ್ಪಂದದ ಪ್ರಕಾರ 13,000 ಸೈನಿಕರು ಅಥವಾ 300 ಟ್ಯಾಂಕು ಭಾಗವಹಿಸುವ ಸಮರಾಭ್ಯಾಸವನ್ನು 42 ದಿನ ಮುಂಚೆ ತಿಳಿಸಬೇಕಿತ್ತು. 17,000 ಸೈನಿಕರಾದರೆ ಬೇರೆ ದೇಶದ ವೀಕ್ಷಕರನ್ನು ಕರೆಯಬೇಕಿತ್ತು. ಅನುಮಾನ ಬಂದವರು ತಪಾಸಣೆ ಕೇಳಿದರೆ ಇಲ್ಲ ಎನ್ನುವ ಹಾಗಿರಲಿಲ್ಲ. ದಾಳಿಗೆ ತಯಾರಾಗುತ್ತಿದ್ದಾರೆಯೇ, ಬರೀ ಕವಾಯತೇ ಎಂಬ ಗೊಂದಲಕ್ಕೆ ಇದು ನೇರ ಔಷಧ. ದಾಳಿಯನ್ನೇ ಬಯಸಿದವನನ್ನು ಇಂಥ ನಿಯಮ ತಡೆಯುವುದಿಲ್ಲ, ಅವನು ಸುಳ್ಳು ಹೇಳುತ್ತಾನೆ ಅಥವಾ ತಪಾಸಣೆಗೆ ಬಾಗಿಲು ಮುಚ್ಚುತ್ತಾನೆ. ಆದರೆ ಬಾಗಿಲು ಮುಚ್ಚಿದ ದಿನವೇ ಉಳಿದವರಿಗೆ ಅದು ಎಚ್ಚರಿಕೆಯಾಗುತ್ತದೆ.