ಫ್ಲೋ ಎಲೆಕ್ಟ್ರೋಕೆಮಿಸ್ಟ್ರಿ: ಕರೆಂಟ್ ಲೆಕ್ಕ, ಗುಳ್ಳೆ ಕಾಟ

ಹೊಸ ಔಷಧ ಹುಡುಕುವವರು ಒಂದೇ ಅಣುವಿನ ಹತ್ತಾರು ರೂಪಗಳನ್ನು ಮಾಡಿ ನೋಡುತ್ತಾರೆ. ಈ ಕೆಲಸದಲ್ಲಿ ಅಣುವಿನಿಂದ ಎಲೆಕ್ಟ್ರಾನ್ ಕೀಳಬೇಕಾದಾಗ ಹಳೇ ದಾರಿ ಕ್ರೋಮಿಯಂ, ಮ್ಯಾಂಗನೀಸ್ ಸಂಯುಕ್ತಗಳು. ಆಮೇಲೆ ಉಳಿಯುವ ಲೋಹದ ಕಸ ತೆಗೆಯುವುದೇ ದೊಡ್ಡ ತಲೆನೋವು. ಆ ಕೆಲಸವನ್ನು ಆನೋಡೇ (ಕರೆಂಟಿನ ಧನ ಧ್ರುವ) ಮಾಡಿದರೆ ಈ ಕಸವೇ ಇರುವುದಿಲ್ಲ. ಹರಿಯುವ ದ್ರಾವಣದಲ್ಲಿ ಹೀಗೆ ಮಾಡುವುದೇ ಫ್ಲೋ ಎಲೆಕ್ಟ್ರೋಕೆಮಿಸ್ಟ್ರಿ.

ಬೀಕರಿನಲ್ಲೂ ಇದನ್ನು ಮಾಡಬಹುದು. ಆದರೆ ಸಾವಯವ ದ್ರಾವಕಗಳಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ. ಎಲೆಕ್ಟ್ರೋಡ್‌ಗಳು ದೂರ ಇದ್ದಷ್ಟೂ ಲವಣ ಜಾಸ್ತಿ ಹಾಕಬೇಕು, ಕೊನೆಗೆ ಅದನ್ನೂ ಬೇರ್ಪಡಿಸಬೇಕು. ಫ್ಲೋ ಸೆಲ್‌ನಲ್ಲಿ ಎರಡು ಎಲೆಕ್ಟ್ರೋಡ್ ತಟ್ಟೆಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಪಂಪ್ ಆ ಸಂದಿಯಲ್ಲಿ ದ್ರಾವಣವನ್ನು ತಳ್ಳುತ್ತಾ ಹೋಗುತ್ತದೆ. ರೋಧ ಇಳಿಯುತ್ತದೆ, ಸ್ವಲ್ಪ ಲವಣ ಸಾಕಾಗುತ್ತದೆ. ನನ್ನ ಪ್ರಕಾರ ಫ್ಲೋದ ಅರ್ಧ ಲಾಭ ಈ ಸಣ್ಣ ಸಂದಿಯಲ್ಲೇ ಇದೆ.

ಉದಾಹರಣೆಗೆ ಶೋನೊ ಉತ್ಕರ್ಷಣ ಎಂಬ ಕ್ರಿಯೆಯನ್ನು ತೆಗೆದುಕೊಳ್ಳೋಣ. ಬಾಕ್ ಗುಂಪು (ಸಾರಜನಕವನ್ನು ಕಾಯುವ ಮುಚ್ಚಳ) ಹೊತ್ತ ಪಿರೊಲಿಡಿನ್, ಅಂದರೆ ಸಾರಜನಕವಿರುವ ಐದು ಪರಮಾಣುಗಳ ಉಂಗುರ, ಮೆಥನಾಲ್‌ನಲ್ಲಿ ಕರಗಿದೆ. ಆನೋಡ್ ಎರಡು ಎಲೆಕ್ಟ್ರಾನ್ ತೆಗೆಯುತ್ತದೆ. ಸಾರಜನಕದ ಪಕ್ಕದ ಇಂಗಾಲಕ್ಕೆ ಮೆಥನಾಲ್‌ನಿಂದ ಬಂದ ಮೆಥಾಕ್ಸಿ ಗುಂಪು ಕೂರುತ್ತದೆ. ಆ ಮೆಥಾಕ್ಸಿಯನ್ನು ಮುಂದೆ ಬೇರೆ ಬೇರೆ ಗುಂಪುಗಳಿಗೆ ಬದಲಿಸಬಹುದು. ಒಂದೇ ಮಧ್ಯಂತರದಿಂದ ಹಲವು ಅಣುಗಳು ಸಿಗುತ್ತವೆ.

ಈಗ ಲೆಕ್ಕ. ಸಾಂದ್ರತೆ ಲೀಟರಿಗೆ 0.1 ಮೋಲ್, ಹರಿವು ನಿಮಿಷಕ್ಕೆ 0.1 ಮಿಲಿಲೀಟರ್ ಅಂದುಕೊಳ್ಳಿ. ನಿಮಿಷಕ್ಕೆ 10 ಮೈಕ್ರೋಮೋಲ್ ಅಣು ಒಳಗೆ ಬರುತ್ತದೆ. ಅದನ್ನು 2ರಿಂದ (ಅಣುವಿಗೆ ಎರಡು ಎಲೆಕ್ಟ್ರಾನ್), ಆಮೇಲೆ ಫ್ಯಾರಡೆ ಸ್ಥಿರಾಂಕ 96,485ರಿಂದ (ಒಂದು ಮೋಲ್ ಎಲೆಕ್ಟ್ರಾನ್‌ಗಳ ವಿದ್ಯುದಾವೇಶ, ಕೂಲಂಬ್‌ಗಳಲ್ಲಿ) ಗುಣಿಸಿ, 60 ಸೆಕೆಂಡಿನಿಂದ ಭಾಗಿಸಿ. ಸುಮಾರು 32 ಮಿಲಿಆಂಪಿಯರ್ ಬರುತ್ತದೆ. ಇದು ಕನಿಷ್ಠ, ಒಂದಿಷ್ಟು ಕರೆಂಟ್ ಅಡ್ಡ ಕ್ರಿಯೆಗಳಿಗೆ ಹೋಗುವುದರಿಂದ ಸ್ವಲ್ಪ ಹೆಚ್ಚೇ ಕೊಡುತ್ತಾರೆ. ಹರಿವು ದುಪ್ಪಟ್ಟಾದರೆ ಕರೆಂಟೂ ದುಪ್ಪಟ್ಟಾಗಬೇಕು. ಪಂಪ್ ಒಂದನ್ನೇ ಜೋರು ಮಾಡಿದರೆ ಬದಲಾಗದ ಅಣುಗಳೇ ಹೊರಗೆ ಬರುತ್ತವೆ ಅಷ್ಟೇ.

ಎದುರಿನ ಎಲೆಕ್ಟ್ರೋಡ್ ಆದ ಕ್ಯಾಥೋಡ್ ಕಡೆ ಯಾರೂ ಜಾಸ್ತಿ ನೋಡುವುದಿಲ್ಲ, ಅಲ್ವಾ? ಅಲ್ಲಿ ಹೈಡ್ರೋಜನ್ ಹುಟ್ಟುತ್ತದೆ, ಅದೂ ನಿಮಿಷಕ್ಕೆ 10 ಮೈಕ್ರೋಮೋಲ್. ಕೋಣೆಯ ತಾಪಮಾನದಲ್ಲಿ ಅದು ಸುಮಾರು 0.24 ಮಿಲಿಲೀಟರ್ ಅನಿಲ. ಅಂದರೆ ನಾವು ತಳ್ಳುತ್ತಿರುವ ದ್ರವಕ್ಕಿಂತ ಎರಡು ಪಟ್ಟಿಗೂ ಮಿಗಿಲು! ಗುಳ್ಳೆಗಳು ದ್ರವವನ್ನು ಬೇಗ ಆಚೆ ದೂಡುತ್ತವೆ, ಎಲೆಕ್ಟ್ರೋಡನ್ನು ಮುಚ್ಚುತ್ತವೆ. ಅದಕ್ಕೇ ಹೊರದಾರಿಯಲ್ಲಿ ಒತ್ತಡ ನಿಯಂತ್ರಕ ಹಾಕುತ್ತಾರೆ. ಒತ್ತಡ ಐದು ಪಟ್ಟಾದರೆ ಅನಿಲದ ಗಾತ್ರ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಲೆಕ್ಟ್ರೋಡ್ ಮೇಲೆ ಜಿಡ್ಡು ಕಟ್ಟುವುದು ಬೇರೆ ಸಮಸ್ಯೆ. ಧ್ರುವಗಳನ್ನು ಆಗಾಗ ಅದಲುಬದಲು ಮಾಡಿ ಅದನ್ನು ತಡೆಯಲು ನೋಡುತ್ತಾರೆ.

ಇಷ್ಟೆಲ್ಲ ಮಾಡಿ ಈ ಹರಿವಿನಲ್ಲಿ ಸಿಗುವುದು ಗಂಟೆಗೆ ಹೆಚ್ಚೆಂದರೆ 120 ಮಿಲಿಗ್ರಾಂ. ಕಡಿಮೆ ಅನಿಸಬಹುದು, ಆದರೆ ಮೊದಲ ಪರೀಕ್ಷೆಗಳಿಗೆ ಕೆಲವು ಮಿಲಿಗ್ರಾಂ ಸಾಕು. ಇನ್ನೊಂದು ಉಪಯೋಗವೂ ಇದೆ. ಯಕೃತ್ತಿನ ಸೈಟೋಕ್ರೋಮ್ ಪಿ450 ಕಿಣ್ವಗಳು ಔಷಧವನ್ನು ಏನು ಮಾಡಬಹುದು ಎಂಬ ಸುಳಿವು ಈ ಸೆಲ್‌ನಲ್ಲೇ ಸಿಗುತ್ತದೆ. ನೋವಿನ ಔಷಧ ಡೈಕ್ಲೋಫೆನಾಕ್‌ನಂಥವುಗಳ ಚಯಾಪಚಯ ವಸ್ತುಗಳನ್ನು (ದೇಹದಲ್ಲಿ ಔಷಧ ಬದಲಾಗಿ ಉಂಟಾಗುವಂಥವು) ಹೀಗೆ ತಯಾರಿಸಿದ್ದಾರೆ. ಆದರೆ ಕಿಣ್ವ ಮಾಡುವುದೆಲ್ಲ ಆನೋಡಿಗೆ ಬರುವುದಿಲ್ಲ. ಎಲೆಕ್ಟ್ರಾನ್ ಕೀಳುವುದರಿಂದ ಶುರುವಾಗುವ ಕ್ರಿಯೆಗಳು ಚೆನ್ನಾಗಿ ನಡೆಯುತ್ತವೆ. ಗಟ್ಟಿ ಬಂಧದಿಂದ ಹೈಡ್ರೋಜನ್ ಪರಮಾಣುವನ್ನೇ ಕಿತ್ತು ಶುರುವಾಗುವಂಥವು ಸುಲಭಕ್ಕೆ ಬಗ್ಗುವುದಿಲ್ಲ.