ಎರಡು ಮೀಟರ್ ಅಲೆ ಅಂದರೆ ಯಾವ ಎರಡು ಮೀಟರ್?

ಮಲ್ಪೆಯ ದಕ್ಕೆಯಲ್ಲಿ ಬೋಟು ಕಟ್ಟಿದ್ದಾಗಲೇ ನನ್ನ ಟ್ಯಾಬ್ ಪ್ರಕಾರ ನಾವು ನೆಲದ ಮೇಲಿದ್ದೆವು. ನೀಲಿ ಚುಕ್ಕೆ ಮೀನು ಹರಾಜು ಕೂಗುವ ಜಾಗದ ಹತ್ತಿರ, ಕಾಂಕ್ರೀಟಿನ ಮೇಲೆ ಆರಾಮವಾಗಿ ಕೂತಿತ್ತು. ತಾಂಡೇಲರಿಗೆ ತೋರಿಸಿದೆ. ಬೋಟು ನಡೆಸುವವರನ್ನು ಕರಾವಳಿಯಲ್ಲಿ ಹಾಗೆ ಕರೆಯುತ್ತಾರೆ. ಅವರು ಬಗ್ಗಿ ನೋಡಿ, “ಹಾಗಾದ್ರೆ ಡೀಸೆಲ್ ಯಾಕೆ ಸಾರ್, ಟಯರ್ ಹಾಕಿದ್ರೆ ಆಯ್ತು” ಅಂದರು.

ಅಳಿವೆ ಬಾಗಿಲು ದಾಟಿ ಸ್ವಲ್ಪ ಹೊತ್ತಿಗೆ ಚುಕ್ಕೆ ನಿಂತೇ ಹೋಯಿತು. ಬೋಟು ಪಡುವಣಕ್ಕೆ ಹೋಗುತ್ತಿದೆ, ಚುಕ್ಕೆ ಮಾತ್ರ ಹರಾಜಿನ ಜಾಗ ಬಿಟ್ಟು ಏಳುತ್ತಿಲ್ಲ. ಅಂಗಡಿಯಲ್ಲಿ ಎರಡು ಸಾವಿರ ಉಳಿಯಿತೆಂದು ನಾನು ತಂದದ್ದು ವೈಫೈ ಮಾತ್ರ ಇರುವ ಮಾದರಿ. ಇಂಥ ಹಲವು ಟ್ಯಾಬ್‌ಗಳಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಚಿಪ್ಪೇ ಇರುವುದಿಲ್ಲ. ಐಪ್ಯಾಡ್‌ನಲ್ಲೂ ಸಿಮ್ ಸೌಲಭ್ಯದ ಮಾದರಿಗೆ ಮಾತ್ರ ಜಿಪಿಎಸ್ ಉಂಟು, ವೈಫೈ ಮಾದರಿಗೆ ಇಲ್ಲ. ಊರಿನೊಳಗೆ ಅದು ಗೊತ್ತಾಗುವುದಿಲ್ಲ. ಸುತ್ತಲಿನ ಮನೆ-ಅಂಗಡಿಗಳ ವೈಫೈ ಗುರುತು ಹಿಡಿದು ಟ್ಯಾಬ್ ತಾನೆಲ್ಲಿದ್ದೇನೆಂದು ಅಂದಾಜು ಮಾಡುತ್ತದೆ. ಸಮುದ್ರದ ಮೇಲೆ ಯಾರ ಮನೆ, ಯಾವ ವೈಫೈ? ತಾಂಡೇಲರ ಜೇಬಿನಲ್ಲಿದ್ದ, ಗಾಜು ಒಡೆದ ಅಗ್ಗದ ಫೋನು ನಮ್ಮ ಜಾಗವನ್ನು ಸರಿಯಾಗಿ ತೋರಿಸುತ್ತಿತ್ತು. ಅದರಲ್ಲಿ ಚಿಪ್ ಇತ್ತು.

ಆ ಚಿಪ್ ಮಾಡುವ ಕೆಲಸ ಕೇಳುವುದು, ಅಷ್ಟೇ. ಅದು ಯಾರಿಗೂ ಏನನ್ನೂ ಕಳುಹಿಸುವುದಿಲ್ಲ, ಹಾಗಾಗಿ ನೆಟ್‌ವರ್ಕ್ ಬೇಕಿಲ್ಲ, ಸಿಮ್ ತೆಗೆದರೂ ನಡೆಯುತ್ತದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು “ಈಗ ಗಂಟೆ ಇಷ್ಟು, ನಾನಿರುವುದು ಇಲ್ಲಿ” ಎಂದು ಹೇಳುತ್ತಲೇ ಇರುತ್ತವೆ. ಆ ಮಾತು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತಿನಲ್ಲಿ ನಮ್ಮನ್ನು ಮುಟ್ಟುತ್ತದೆ. ತಡವಾದ ಹೊತ್ತೇ ದೂರದ ಅಳತೆ. ನಾಲ್ಕು ಉಪಗ್ರಹ ಸಿಕ್ಕರೆ ಜಾಗವೂ ಸಿಕ್ಕಿತು, ಚಿಪ್ಪಿನ ಸಾಧಾರಣ ಗಡಿಯಾರದ ತಪ್ಪೂ ತಿದ್ದಿಕೊಂಡಿತು. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ನೆಲದಲ್ಲಿ 300 ಮೀಟರ್ ತಪ್ಪುತ್ತದೆ. ಕಟ್ಟಡವಿಲ್ಲ, ಮರವಿಲ್ಲ, ಸುತ್ತಲೂ ಬರೀ ಆಕಾಶ. ಜಿಪಿಎಸ್‌ಗೆ ಸಮುದ್ರಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಾಮಾನ್ಯ ಫೋನೇ ಅಲ್ಲಿ ಐದು ಮೀಟರ್ ಆಸುಪಾಸಿನಲ್ಲಿ ನಿಮ್ಮನ್ನು ಹಿಡಿಯುತ್ತದೆ. 2000ದ ಮೇ ತಿಂಗಳ ತನಕ ಅಮೆರಿಕ ಬೇಕೆಂದೇ ಸಂಕೇತದಲ್ಲಿ ನೂರು ಮೀಟರಿನಷ್ಟು ತಪ್ಪು ಬೆರೆಸುತ್ತಿತ್ತು. ಆ ಕಲಬೆರಕೆ ನಿಂತ ರಾತ್ರಿಯಿಂದ ಚುಕ್ಕೆ ಎಷ್ಟು ನಿಖರವಾಯಿತೆಂದರೆ, ಅದರ ಕೆಳಗಿನ ನಕ್ಷೆಯೇ ಹಿಂದೆ ಬಿತ್ತು.

ಸಮುದ್ರದ ನಕ್ಷೆಯನ್ನು ರಸ್ತೆಯ ನಕ್ಷೆಯಂತೆ ನಂಬಬಾರದು. ಮುಖ್ಯವಾದದ್ದೆಲ್ಲ ನೀರಿನಡಿ ಇರುತ್ತದೆ, ಅದು ವಿಮಾನದಿಂದ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ಅಳೆಯುತ್ತಿದ್ದರು. ಒಂದು ಕಡೆ ಇಳಿಸಿ, ಮುಂದೆ ಹೋಗಿ ಇನ್ನೊಂದು ಕಡೆ. ನಡುವೆ ಬಂಡೆ ಇದ್ದರೆ ಅದು ಇದ್ದಲ್ಲೇ ಉಳಿಯಿತು. ಜಗತ್ತಿನ ಸಮುದ್ರತಳದಲ್ಲಿ ಆಧುನಿಕ ಸೋನಾರ್‌ನಿಂದ, ಅಂದರೆ ಸದ್ದು ಕಳುಹಿಸಿ ಅದರ ಮರುದನಿ ಕೇಳಿ ಆಳ ತಿಳಿಯುವ ಸಾಧನದಿಂದ, ನೇರವಾಗಿ ಅಳೆದದ್ದು ಇವತ್ತಿಗೂ ಕಾಲು ಭಾಗದಷ್ಟು ಮಾತ್ರ. ನಮ್ಮ ದೇಶದ ಅಧಿಕೃತ ನಕ್ಷೆಗಳು ಬರುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯಿಂದ. ಸಮುದ್ರದ ಆಳ ಅಳೆಯುವ ಕಚೇರಿ ಹಿಮಾಲಯದ ಬುಡದಲ್ಲಿ ಕೂತಿರುವುದು ತಮಾಷೆಯಾಗಿ ಕಾಣುತ್ತದೆ, ಆದರೆ ಕೆಲಸ ಗಂಭೀರವಾದದ್ದು. ಪ್ರತಿ ನಕ್ಷೆಯ ಮೇಲೂ ಯಾವ ಕಾಲದ ಸರ್ವೆ ಎಂದು ಬರೆದಿರುತ್ತದೆ. ಆ್ಯಪಿನಲ್ಲಿ ಆ ಸಾಲು ಎಲ್ಲೋ ಮೂರು ಮೆನುಗಳ ಒಳಗೆ ಅಡಗಿರುತ್ತದೆ.

ಇನ್ನೂ ದೊಡ್ಡ ಮೋಸ ಜೂಮ್‌ನದು. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸ್‌ನಲ್ಲಿ ಕೇಪ್‌ಟೌನ್‌ನಿಂದ ಅಬುಧಾಬಿಗೆ ಓಡುತ್ತಿದ್ದ ‘ಟೀಮ್ ವೆಸ್ಟಾಸ್ ವಿಂಡ್’ ಎಂಬ 65 ಅಡಿಯ ಹಾಯಿನೌಕೆ, ಕತ್ತಲಾಗುತ್ತಿದ್ದ ಹೊತ್ತಿಗೆ ಗಂಟೆಗೆ 19 ನಾಟಿಕಲ್ ಮೈಲಿನ ವೇಗದಲ್ಲಿ ಬಂಡೆಗೆ ಬಡಿಯಿತು. ಬಡಿದದ್ದು ಯಾರೂ ಕಾಣದ ಗುಪ್ತ ಬಂಡೆಗಲ್ಲ. ಮಾರಿಷಸ್‌ನ ಈಶಾನ್ಯಕ್ಕೆ ಇರುವ ಕಾರ್ಗಡೋಸ್ ಕಾರಾಜೋಸ್ ಹವಳದಿಬ್ಬಗಳಿಗೆ. ಅವುಗಳ ಉದ್ದ ಹೆಚ್ಚುಕಡಿಮೆ ಮಂಗಳೂರಿನಿಂದ ಉಡುಪಿಯಷ್ಟು. ಶತಮಾನಗಳಿಂದ ನಾವಿಕರಿಗೆ ಗೊತ್ತಿದ್ದ ಜಾಗ. ನೌಕೆಯಲ್ಲಿದ್ದ ಡಿಜಿಟಲ್ ನಕ್ಷೆಯಲ್ಲೂ ಅದು ಇತ್ತು, ಆದರೆ ಹತ್ತಿರಕ್ಕೆ ಎಳೆದು ನೋಡಿದರೆ ಮಾತ್ರ. ಇಡೀ ಹಾದಿ ಒಂದೇ ನೋಟಕ್ಕೆ ಕಾಣುವಷ್ಟು ದೂರ ಸರಿಸಿದಾಗ ಪರದೆಯಲ್ಲಿ ಉಳಿಯುತ್ತಿದ್ದದ್ದು ಕೆಲವು ಆಳದ ಅಂಕಿಗಳು, ಹತ್ತಾರು ಮೀಟರ್ ನೀರಿದೆ ಎನ್ನುವಂಥವು. ನ್ಯಾವಿಗೇಟರ್ ನೋಡಿದ್ದು ಅದನ್ನೇ. ಒಂಬತ್ತು ಮಂದಿಯೂ ಬದುಕಿದರು. ಬಂಡೆಯ ಮೇಲೆ ಜಜ್ಜಿಸಿಕೊಳ್ಳುತ್ತಿದ್ದ ನೌಕೆಯಲ್ಲೇ ರಾತ್ರಿಯ ಹೆಚ್ಚು ಭಾಗ ಕಳೆದು ಆಮೇಲೆ ಅವರು ನೀರಿಗಿಳಿದರು.

ಕಾಗದದ ನಕ್ಷೆ ಬರೆಯುವವನು ಯಾವುದನ್ನು ಬಿಡಬೇಕು, ಯಾವುದನ್ನು ಎಷ್ಟು ಚಿಕ್ಕದಾದರೂ ಬಿಡಬಾರದು ಎಂದು ಕೂತು ಯೋಚಿಸುತ್ತಿದ್ದ. ಆ್ಯಪಿನ ನಕ್ಷೆ ಹಲವು ಅಳತೆಯ ಪದರಗಳಲ್ಲಿ ಇರುತ್ತದೆ, ದೂರ ಸರಿಸಿದಾಗ ಪರದೆ ಗಿಜಿಗುಡದಿರಲಿ ಎಂದು ಸಾಫ್ಟ್‌ವೇರ್ ವಿವರಗಳನ್ನು ಉದುರಿಸುತ್ತದೆ. ಉದುರಿಸಿದ್ದನ್ನು ಹೇಳುವುದಿಲ್ಲ. ಖಾಲಿ ನೀಲಿ ಬಣ್ಣ ಕಂಡರೆ ನಮ್ಮ ಕಣ್ಣು ಅದನ್ನು “ಅಲ್ಲಿ ಏನೂ ಇಲ್ಲ” ಎಂದೇ ಓದುತ್ತದೆ. ಹಾಗಾಗಿ ಹೋಗುವ ದಾರಿಯನ್ನು ಒಮ್ಮೆ ಪೂರ್ತಿ ಜೂಮ್ ಮಾಡಿ, ಬೆರಳಲ್ಲಿ ಎಳೆಯುತ್ತ ಕೊನೆಯ ತನಕ ನೋಡಲೇಬೇಕು. ಬೇಸರದ ಕೆಲಸ, ಬೇರೆ ದಾರಿ ಇಲ್ಲ. ನಮ್ಮ ತಾಂಡೇಲರ ನಕ್ಷೆಯಂತೂ ಬೇರೆಯೇ. ಎಲ್ಲೆಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತೋ ಅಲ್ಲೆಲ್ಲ ಜಿಪಿಎಸ್‌ನಲ್ಲಿ ಗುರುತು ಹಾಕಿ, ಅದೇ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಟ್ಟಿದ್ದಾರೆ. ಒಂದೊಂದು ಗುರುತಿನ ಹಿಂದೆಯೂ ಒಂದೊಂದು ಹರಿದ ಬಲೆಯ ಖರ್ಚಿದೆ. ಪುಸ್ತಕವನ್ನು ಯಾರಿಗೂ ಕೊಡುವುದಿಲ್ಲ.

ಇನ್ನು ಹವಾಮಾನ. ಬೆಳಿಗ್ಗೆ ಹೊರಡುವ ಮೊದಲು ಆ್ಯಪಿನಲ್ಲಿ ನೋಡಿದ್ದೆ: ಅಲೆ 2 ಮೀಟರ್, 7 ಸೆಕೆಂಡ್. ತಾಂಡೇಲರಿಗೆ ಹೇಳಿದೆ. “ಎರಡು ಮೀಟರ್ ಅಂತ ಉಂಟು, ಸರಿ. ಯಾವ ಎರಡು ಮೀಟರ್ ಮಾರಾಯ್ರೆ?” ಅಂದರು. ಅವರು ತಮಾಷೆಗೆ ಕೇಳಿದರೋ ಏನೋ, ವಿಜ್ಞಾನದ ಮಟ್ಟಿಗೆ ಅದು ತೀರಾ ಸರಿಯಾದ ಪ್ರಶ್ನೆ.

ಸಮುದ್ರದಲ್ಲಿ ಎಲ್ಲ ಅಲೆಗಳೂ ಒಂದೇ ಎತ್ತರ ಇರುವುದಿಲ್ಲ. ಒಂದಷ್ಟು ಹೊತ್ತು ಬಂದ ಅಲೆಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಅವುಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ಬೇರೆ ಮಾಡಿ, ಅವುಗಳ ಸರಾಸರಿ ತೆಗೆದರೆ ಸಿಗುವುದೇ ಆ್ಯಪ್ ತೋರಿಸುವ ಎರಡು ಮೀಟರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರನ್ನು ದಡಕ್ಕಿಳಿಸಲು ಅಲೆಯ ಮುನ್ಸೂಚನೆ ಬೇಕಾದಾಗ ಹರಾಲ್ಡ್ ಸ್ವರ್ಡ್ರಪ್ ಮತ್ತು ವಾಲ್ಟರ್ ಮಂಕ್ ಈ ಅಳತೆಯನ್ನು ಬಳಕೆಗೆ ತಂದರು. ಅನುಭವಸ್ಥ ನಾವಿಕ ಕಣ್ಣಳತೆಯಲ್ಲಿ “ಇಷ್ಟಿದೆ” ಎನ್ನುವ ಎತ್ತರಕ್ಕೆ ಅದು ಹತ್ತಿರ ಬರುತ್ತದೆ. ಅಂದರೆ ಎರಡು ಮೀಟರ್ ಗರಿಷ್ಠ ಅಲ್ಲವೇ ಅಲ್ಲ. ಸಾವಿರ ಅಲೆ ಬಂದರೆ ಅದರಲ್ಲಿ ಅತಿ ಎತ್ತರದ್ದು ಈ ಅಂಕಿಯ ಒಂದೂಮುಕ್ಕಾಲು ಪಟ್ಟಿಗೂ ಸ್ವಲ್ಪ ಹೆಚ್ಚೇ ಇರುತ್ತದೆಂದು ಲೆಕ್ಕ. ಏಳು ಸೆಕೆಂಡಿಗೊಂದರಂತೆ ಸಾವಿರ ಅಲೆ ಬರಲು ಎರಡು ಗಂಟೆಯೂ ಬೇಡ. ಹಾಗಾಗಿ ಆ ಬೆಳಿಗ್ಗೆಯ ಎರಡು ಮೀಟರಿನ ಅರ್ಥ: ಎರಡು ಗಂಟೆಯೊಳಗೆ ಒಂದು ಸಲವಾದರೂ ಮೂರೂವರೆ ಮೀಟರ್ ದಾಟಿದ ಅಲೆ ಬರಬಹುದು, ಆಗ ಯಾರೂ ಡೆಕ್ಕಿನ ಅಂಚಿನಲ್ಲಿ ಚಹಾ ಹಿಡಿದು ನಿಂತಿರಬಾರದು.

ಪಕ್ಕದ ಸೆಕೆಂಡಿನ ಅಂಕಿಯನ್ನು, ಅಂದರೆ ಒಂದು ಅಲೆಯ ತಲೆ ಹೋಗಿ ಮುಂದಿನದರ ತಲೆ ಬರುವ ತನಕದ ಹೊತ್ತನ್ನು, ಹೆಚ್ಚಿನವರು ನೋಡುವುದೇ ಇಲ್ಲ. ನನ್ನ ಪ್ರಕಾರ ಎತ್ತರಕ್ಕಿಂತ ಅದೇ ಮುಖ್ಯ. ಆಳದ ನೀರಿನಲ್ಲಿ 6 ಸೆಕೆಂಡಿನ ಅಲೆಯ ಉದ್ದ ಸುಮಾರು 56 ಮೀಟರ್, 12 ಸೆಕೆಂಡಿನದು ಅದರ ನಾಲ್ಕು ಪಟ್ಟು. ಒಂದೇ ಎರಡು ಮೀಟರ್ ಎತ್ತರವಿದ್ದರೂ ಮೊದಲನೆಯದು ಗುಂಡಿ ಬಿದ್ದ ರಸ್ತೆ, ಎರಡನೆಯದು ಘಟ್ಟದ ಕೆಳಗಿನ ಏರಿಳಿತದ ರಸ್ತೆ. ನಡುಸಮುದ್ರದಲ್ಲಿ ದೀರ್ಘ ಅಲೆ ಬಂದುಹೋದದ್ದೂ ಗೊತ್ತಾಗುವುದಿಲ್ಲ. ದಡದ ಹತ್ತಿರ ಮಾತ್ರ ಲೆಕ್ಕ ತಿರುಗಿಬೀಳುತ್ತದೆ. ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗಿ, ಹಿಂದಿನ ನೀರು ಮುಂದಿನದರ ಮೇಲೆ ಏರಿ, ಅಷ್ಟು ದೂರ ಸಾಧುವಾಗಿ ಬಂದದ್ದು ಎದ್ದು ನಿಂತು ಒಡೆಯುತ್ತದೆ. ಅದರಲ್ಲೂ ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಎದುರಿಗೆ ನುಗ್ಗುವ ಅಳಿವೆಯಲ್ಲಿ. ಕರಾವಳಿಯಲ್ಲಿ ದೋಣಿ ಮಗುಚಿದ ಸುದ್ದಿಗಳಲ್ಲಿ ಅಳಿವೆಯ ಹೆಸರು ಮತ್ತೆ ಮತ್ತೆ ಬರುವುದು ಇದಕ್ಕೇ. ಆ್ಯಪಿನ ಅಂಕಿ ಹೊರಗಿನ ಆಳ ನೀರಿನದು, ಅಳಿವೆಯದಲ್ಲ.

ದೀರ್ಘ ಅಲೆಗಳು ಬರುವುದು ಎಲ್ಲಿಂದ? ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ, 16 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಸಾವಿರ ಕಿ.ಮೀ. ಲೆಕ್ಕದಲ್ಲಿ ನಡೆದು ವಾರದ ಮೇಲೆ ನಮ್ಮ ಪಶ್ಚಿಮ ಕರಾವಳಿ ಮುಟ್ಟುತ್ತದೆ. ಇಲ್ಲಿ ಎಲೆ ಅಲ್ಲಾಡದಷ್ಟು ಶಾಂತ ಹವೆ, ಬಿಸಿಲು. ಇದ್ದಕ್ಕಿದ್ದಂತೆ ಸಮುದ್ರ ಮನೆಯಂಗಳಕ್ಕೆ ನುಗ್ಗುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. ಗಾಳಿಯನ್ನಷ್ಟೇ ತೋರಿಸುವ ಆ್ಯಪಿನಲ್ಲಿ ಆ ದಿನ ಎಲ್ಲವೂ ತಣ್ಣಗಿನ ಬಣ್ಣದಲ್ಲಿರುತ್ತದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳಿಗೇ ಪ್ರತ್ಯೇಕ ಎಚ್ಚರಿಕೆ ಕೊಡುತ್ತದೆ, ಅದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳುವುದು ಲೇಸು.

ಗಾಳಿಯ ಆ್ಯಪ್‌ಗಳ ಮೇಲೆ ನನಗೆ ಪ್ರೀತಿ ಉಂಟು, ಸಿಟ್ಟೂ ಉಂಟು. ಝೆಕ್ ದೇಶದ ಇವೋ ಲುಕಾಚೋವಿಚ್ 2014ರಲ್ಲಿ ಶುರುಮಾಡಿದ ‘ವಿಂಡಿ’ಯಲ್ಲಿ ಗಾಳಿ ಎಳೆಎಳೆಯಾಗಿ ಹರಿಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಇಂಥ ಆ್ಯಪ್‌ಗಳು ಹೆಚ್ಚಾಗಿ ಮಾಡುವುದು ಬಣ್ಣ ಹಚ್ಚುವ ಕೆಲಸ. ಲೆಕ್ಕ ಮಾಡುವವರು ಬೇರೆ: ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಕಂಪ್ಯೂಟರ್ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಕತ್ತರಿಸುತ್ತದೆ, ಅಮೆರಿಕದ ಜಿಎಫ್ಎಸ್ 13 ಕಿ.ಮೀ. ಚೌಕಗಳಾಗಿ. ಮಲ್ಪೆ ಕಡಲತೀರ ಮತ್ತು ಅಲ್ಲಿಂದ ಆರು ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪ ಎರಡೂ ಒಂದೇ ಚೌಕಕ್ಕೆ ಬೀಳಬಹುದು, ಎರಡಕ್ಕೂ ಒಂದೇ ಗಾಳಿ! ನಡುವಿನ ನುಣುಪಾದ ಹರಿವು ಆ್ಯಪ್ ತುಂಬಿಸಿಕೊಟ್ಟ ಅಂದಾಜು. ಏಪ್ರಿಲ್-ಮೇ ಸಂಜೆ ಘಟ್ಟದ ಕಡೆಯಿಂದ ಕಪ್ಪಾಗಿ ಇಳಿದು ಬರುವ ಗುಡುಗಿನ ಮೋಡ ಆ ಚೌಕಕ್ಕಿಂತ ಚಿಕ್ಕದು, ಬಲೆಯ ಕಣ್ಣಿನಿಂದ ಜಾರುವ ಬೊಳಂಜಿರ್ ಮರಿಯಂತೆ ಜಾರಿಕೊಳ್ಳುತ್ತದೆ. ಅದರಡಿ ಹತ್ತು ನಾಟ್ (ಗಂಟೆಗೆ ಹತ್ತು ನಾಟಿಕಲ್ ಮೈಲು) ಗಾಳಿ ಕ್ಷಣದಲ್ಲಿ ಮೂವತ್ತಾದರೆ ಬೋಟಿನ ಮೇಲಿನ ಒತ್ತಡ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಸಿಡಿಲಿಗಾದರೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಸ್ವಲ್ಪ ಮೊದಲೇ ಸೂಚನೆ ಕೊಡುತ್ತದೆ, ನೆಟ್‌ವರ್ಕ್ ಇದ್ದರೆ.

ಆ “ಇದ್ದರೆ” ಸಣ್ಣದಲ್ಲ. ನಲವತ್ತು ಮೀಟರ್ ಎತ್ತರದ ಟವರಿನಿಂದ ನೋಡಿದರೆ ಭೂಮಿಯ ಗುಂಡಗಿನ ಬೆನ್ನು ಸುಮಾರು 22 ಕಿ.ಮೀ. ಆಚೆಗೆ ಮರೆಯಾಗುತ್ತದೆ. ಆಳಸಮುದ್ರ ಬೋಟುಗಳು ಹತ್ತು ದಿನಕ್ಕೆಂದು ಹೊರಟು ಗೋವಾ, ರತ್ನಗಿರಿ ಕಡೆಗೆಲ್ಲ ಹೋಗುತ್ತವೆ. ಮೊಬೈಲ್ ನೆಟ್‌ವರ್ಕ್ ಸತ್ತ ಮೇಲೂ ಆ್ಯಪ್ ಮಾತ್ರ ದಕ್ಕೆಯಲ್ಲಿ ಇಳಿಸಿಕೊಂಡ ಮುನ್ಸೂಚನೆಯನ್ನೇ ಹೊಸದೆಂಬಂತೆ ತೋರಿಸುತ್ತಿರುತ್ತದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಲೆಕ್ಕ ಮಾಡಿದ ದಿನ-ಗಂಟೆ ಇರುತ್ತದೆ, ಮೊದಲು ಓದಬೇಕಾದದ್ದು ಅದನ್ನು. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಎದ್ದಾಗ ದೂರ ಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಮೀನುಗಾರರಿಗೆ ಸುದ್ದಿ ಮುಟ್ಟಿಸಲು ದಾರಿಯೇ ಇರಲಿಲ್ಲ. 2019ರಲ್ಲಿ ಬಂದ ‘ಜೆಮಿನಿ’ ಸಾಧನ ಉಪಗ್ರಹದಿಂದ ಎಚ್ಚರಿಕೆ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತಿತ್ತು, ಆದರೆ ಬೋಟಿನವರು ತಿರುಗಿ ಮಾತಾಡುವಂತಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಶುರುವಾದ, ಒಂದು ಲಕ್ಷ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಸಾಗಿಸುವ ಸಾಧನ) ಕೊಡುವ ಯೋಜನೆಯಲ್ಲಿ ‘ನಭಮಿತ್ರ’ ಆ್ಯಪಿನ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ. ನನ್ನ ಕಣ್ಣಿಗೆ ಇಷ್ಟೂ ವರ್ಷಗಳ ಬಣ್ಣಬಣ್ಣದ ಆ್ಯಪ್‌ಗಳಿಗಿಂತ ಇದು ದೊಡ್ಡ ಹೆಜ್ಜೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಟ್ಯಾಬ್ ತನ್ನಷ್ಟಕ್ಕೇ ಜೂಮ್ ಆಗತೊಡಗಿತು. ದೆವ್ವವಲ್ಲ, ಉಪ್ಪುನೀರು. ಈ ಪರದೆಗಳು ಬೆರಳಿನ ಒತ್ತಡವನ್ನಲ್ಲ, ಬೆರಳು ಸೆಳೆದುಕೊಳ್ಳುವ ಸೂಕ್ಷ್ಮ ವಿದ್ಯುತ್ತನ್ನು ಗುರುತಿಸುತ್ತವೆ. ಉಪ್ಪುನೀರು ಒಳ್ಳೆಯ ವಾಹಕ, ಹನಿ ಬಿದ್ದಲ್ಲೆಲ್ಲ ಪರದೆಗೆ ಬೆರಳೇ ಮುಟ್ಟಿದಂತೆ. ಒರೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ.

ಸಂಜೆ ಅಳಿವೆಯ ಹೊರಗೆ ತಾಂಡೇಲರು ಎಂಜಿನ್ ತಗ್ಗಿಸಿ ಸುಮ್ಮನೆ ನಿಂತರು. ಕಲಾಸಿಗಳೂ ಮಾತು ನಿಲ್ಲಿಸಿದರು. ತುಸು ಬೇರೆಬೇರೆ ಉದ್ದದ ಅಲೆಗಳು ಒಂದರ ಮೇಲೊಂದು ಕೂಡುತ್ತ ಕಳೆಯುತ್ತ ಬರುವುದರಿಂದ ದೊಡ್ಡವು ಸಾಮಾನ್ಯವಾಗಿ ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು. ಅವರು ಹಿಂದಕ್ಕೆ ತಿರುಗಿ ನೋಡುತ್ತಿದ್ದದ್ದು ಆ ಬಿಡುವಿಗಾಗಿ. ಒಂದು ಹೋಯಿತು, ಎರಡು, ಮೂರನೆಯದು ನಮ್ಮನ್ನು ಎತ್ತಿ ಇಳಿಸಿತು. “ಹ್ಞಾಂ, ಈಗ” ಎಂದು ಎಂಜಿನ್ ಏರಿಸಿದರು.

ಒಳಗೆ ಬಂದ ಮೇಲೆ ಚೀಲ ಬಿಚ್ಚಿ ನೋಡಿದೆ. ಚುಕ್ಕೆ ಬೆಳಿಗ್ಗೆಯಿಂದ ಹರಾಜಿನ ಜಾಗದಲ್ಲೇ ಇತ್ತು. ಹೋಗಿ ಅದನ್ನು ಸೇರಿಕೊಂಡೆವು.