ಜಿಪಿಎಲ್ ಲೈಬ್ರರಿ ಬಳಸಿದರೆ ನಮ್ಮ ಕೋಡನ್ನೂ ಕೊಡಬೇಕಾ?

ಓದುಗರೊಬ್ಬರ ಪ್ರಶ್ನೆ: "ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೇವೆ, ನಾಲ್ಕೇ ಜನ ಇದ್ದೇವೆ. ಒಂದು ಜಿಪಿಎಲ್ ಲೈಬ್ರರಿ ಸೇರಿಸಿಕೊಂಡರೆ ನಮ್ಮ ಪೂರ್ತಿ ಕೋಡನ್ನು ಇಂಟರ್ನೆಟ್ಟಿಗೆ ಹಾಕಲೇಬೇಕಾ?"

ಜಿಪಿಎಲ್ ಅಂದರೆ ಕೋಡನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು, ಆದರೆ ಹಂಚುವಾಗ ಅದೇ ಷರತ್ತು ಮುಂದುವರಿಯಬೇಕು ಅನ್ನುವ ಸಾಫ್ಟ್‌ವೇರ್ ಲೈಸೆನ್ಸ್. ನಿಮ್ಮ ಕೋಡನ್ನು ಇಂಟರ್ನೆಟ್ಟಿಗೆ ಹಾಕಬೇಕಾಗಿಲ್ಲ. ಆದರೆ ಅಷ್ಟಕ್ಕೇ ಖುಷಿಪಡಬೇಡಿ. ನಿಮ್ಮಿಂದ ಸಾಫ್ಟ್‌ವೇರ್ ತಗೊಂಡ ಅಂಗಡಿಯವರಿಗೆ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಕೋಡು) ಸಿಗಬೇಕು, ಅದೂ ಲೈಬ್ರರಿಯದ್ದು ಮಾತ್ರ ಅಲ್ಲ, ಅದಕ್ಕೆ ಜೋಡಿಸಿದ ನಿಮ್ಮ ಕೋಡೂ ಜಿಪಿಎಲ್ ಅಡಿಯಲ್ಲೇ ಸಿಗಬೇಕು. ಆಮೇಲೆ ಅವರು ಅದನ್ನು ಭಾವಮೈದುನನಿಗೆ ಕೊಟ್ಟರೂ, ನಿಮಗೆ ಪೈಪೋಟಿ ಕೊಡುವವನಿಗೆ ಕೊಟ್ಟರೂ ನೀವು ತಡೆಯುವ ಹಾಗಿಲ್ಲ. ದುಡ್ಡು ತಗೊಳ್ಳಬಾರದು ಅಂತ ಮಾತ್ರ ಎಲ್ಲೂ ಇಲ್ಲ, ಧಾರಾಳವಾಗಿ ಮಾರಬಹುದು.

ಸೋರ್ಸನ್ನು ಪ್ರೋಗ್ರಾಂ ಜೊತೆಗೇ ಕೊಟ್ಟರೆ ಲೆಕ್ಕ ಅಲ್ಲಿಗೇ ಚುಕ್ತಾ. "ಕೇಳಿದರೆ ಕೊಡ್ತೀವಿ" ಅಂತ ಬರೆದುಕೊಡುವ ದಾರಿಯೂ ಇದೆ. ಆದರೆ ಜಿಪಿಎಲ್‌ನ 1991ರ ಎರಡನೇ ಆವೃತ್ತಿಯ ಪ್ರಕಾರ ಆ ಮಾತು ಕನಿಷ್ಠ 3 ವರ್ಷ ನಡೆಯಬೇಕು, ಗಿರಾಕಿ ಅಲ್ಲದವರು ಬಂದು ಕೇಳಿದರೂ ಕೊಡಬೇಕು. ಸುಮ್ನೆ ಯಾಕೆ ಆ ತಲೆನೋವು, ಜೊತೆಗೇ ಕೊಟ್ಟುಬಿಡಿ.

ಈ ಜವಾಬ್ದಾರಿ ಹುಟ್ಟುವುದು ಪ್ರೋಗ್ರಾಂ ನಿಮ್ಮ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ. ನಿಮ್ಮ ಆಫೀಸಿನೊಳಗೆ ಜಿಪಿಎಲ್ ಕೋಡನ್ನು ಹೇಗೆ ಬೇಕಾದರೂ ತಿದ್ದಿ, ಕಲಸಿ, ಹತ್ತು ವರ್ಷ ಓಡಿಸಿ, ಯಾರಿಗೂ ಏನೂ ಕೊಡಬೇಕಿಲ್ಲ. ಜಿಪಿಎಲ್ ಅಡಿಯಲ್ಲಿರುವ ಲಿನಕ್ಸ್ ಮೇಲೆ ಓಡುತ್ತದೆ ಅನ್ನುವ ಕಾರಣಕ್ಕೆ ನಿಮ್ಮ ಸಾಫ್ಟ್‌ವೇರ್ ಜಿಪಿಎಲ್ ಆಗಿಬಿಡುವುದಿಲ್ಲ. ಮಾಮೂಲಿ ಸಿಸ್ಟಂ ಕಾಲ್ (ಪ್ರೋಗ್ರಾಂ ಸಲ್ಲಿಸುವ ಕೋರಿಕೆ) ಮೂಲಕ ಕರ್ನಲ್ ಅಂದರೆ ಲಿನಕ್ಸ್‌ನ ತಿರುಳನ್ನು ಬಳಸುವ ಪ್ರೋಗ್ರಾಂ ಬೇರೆಯೇ ಅಂತ ಕರ್ನಲ್‌ನ ಲೈಸೆನ್ಸ್ ಫೈಲಿನಲ್ಲೇ ಬರೆದಿದೆ.

ಜಗಳ ಇರುವುದು "ಜೋಡಿಸುವುದು" ಅನ್ನುವ ಮಾತಿನಲ್ಲಿ. ಬೇರೆ ಪ್ರೋಗ್ರಾಂ ಆಗಿ ಇಟ್ಟುಕೊಂಡು, ಕಮಾಂಡ್ ಕೊಟ್ಟು, ಬಂದ ಫೈಲನ್ನು ಓದಿಕೊಂಡರೆ ಸಾಮಾನ್ಯವಾಗಿ ಎರಡೂ ಬೇರೆ ಬೇರೆ. ಒಂದೇ ಪ್ರಾಸೆಸ್‌ನಲ್ಲಿ ಲಿಂಕ್ ಮಾಡಿ, ಅದರ ಫಂಕ್ಷನ್‌ಗಳನ್ನು ನೇರವಾಗಿ ಕರೆದರೆ ಎರಡೂ ಸೇರಿ ಒಂದೇ ಕೃತಿ ಅನ್ನುವುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಅವರ ಪ್ರಕಾರ ಲೈಬ್ರರಿಯನ್ನು ಪ್ರೋಗ್ರಾಂ ಒಳಗೇ ಸೇರಿಸುವ ಸ್ಟ್ಯಾಟಿಕ್ ಲಿಂಕ್ ಆದರೂ ಅಷ್ಟೇ, ಓಡುವಾಗ ಜೋಡಿಸುವ ಡೈನಾಮಿಕ್ ಆದರೂ ಅಷ್ಟೇ. ಇದನ್ನು ಒಪ್ಪದ ವಕೀಲರೂ ಇದ್ದಾರೆ. ಆದರೆ ನಾಲ್ಕು ಜನರ ಕಂಪನಿ ಕೋರ್ಟಿಗೆ ಹೋಗಿ ಇದನ್ನು ತೀರ್ಮಾನ ಮಾಡಿಸುವುದು ಬೇಕಾ?

ಈ ಜಗಳ ಹಳೆಯದು. ಬ್ರೂನೋ ಹೈಬ್ಲ್ ಅನ್ನುವವರು ಕ್ಲಿಸ್ಪ್ ಎಂಬ ಲಿಸ್ಪ್ ಭಾಷೆಯ ಪ್ರೋಗ್ರಾಂಗೆ ರೀಡ್‌ಲೈನ್ ಲೈಬ್ರರಿ ಸೇರಿಸಿದ್ದರು. ಕಮಾಂಡ್ ಸಾಲಿನಲ್ಲಿ ಹಿಂದೆ ಮುಂದೆ ಹೋಗಿ ತಿದ್ದಲು ಬಿಡುತ್ತದಲ್ಲ, ಅದೇ ಲೈಬ್ರರಿ. ರೀಡ್‌ಲೈನ್ ಜಿಪಿಎಲ್, ಕ್ಲಿಸ್ಪ್ ಜಿಪಿಎಲ್ ಆಗಿರಲಿಲ್ಲ. 1992ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ ಜೊತೆ ಈಮೇಲ್‌ನಲ್ಲಿ ವಾದ ನಡೆಯಿತು. ರೀಡ್‌ಲೈನ್ ಇಲ್ಲದೆಯೂ ಕ್ಲಿಸ್ಪ್ ನಡೆಯುತ್ತದಲ್ಲ ಅಂತ ಹೈಬ್ಲ್ ಹೇಳಿ ನೋಡಿದರು, ಸ್ಟಾಲ್‌ಮನ್ ಜಗ್ಗಲಿಲ್ಲ. ಕೊನೆಗೆ ಕ್ಲಿಸ್ಪ್ ಪೂರ್ತಿ ಜಿಪಿಎಲ್ ಆಯಿತು. ಆ ಹಳೆಯ ಈಮೇಲ್‌ಗಳನ್ನು ಈಗಲೂ ಕ್ಲಿಸ್ಪ್ ಜೊತೆಗೇ ಇಟ್ಟಿದ್ದಾರೆ, ಓದಲು ಮಜವಾಗಿವೆ.

ಇನ್ನು ನಿಮ್ಮ ಬಿಲ್ಲಿಂಗ್ ವಿಚಾರ. ಬಿಲ್ ಪಿಡಿಎಫ್ ಮಾಡಲು ಜಾವಾದಲ್ಲಿ ಐಟೆಕ್ಸ್ಟ್ ಅನ್ನುವ ಲೈಬ್ರರಿ ಬಳಸುವವರು ಜಾಸ್ತಿ. ನಾನೂ ಬಳಸಿದ್ದೆ. ಗಿರಾಕಿಗೆ ಕೊಡುವ ಹಿಂದಿನ ವಾರ ಡಿಪೆಂಡೆನ್ಸಿ ಪಟ್ಟಿ (ಬಳಸಿದ ಹೊರಗಿನ ಲೈಬ್ರರಿಗಳ ಪಟ್ಟಿ) ತೆಗೆದು ಒಂದೊಂದೇ ಲೈಸೆನ್ಸ್ ನೋಡುತ್ತಾ ಬಂದಾಗ ಅದರ ಮುಂದೆ ಎಜಿಪಿಎಲ್ ಅಂತ ಕಂಡಿತು. ಹಳೆಯ ಐಟೆಕ್ಸ್ಟ್ ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ) ಅಡಿಯಲ್ಲಿ ಸಿಗುತ್ತಿತ್ತು, 2009ರ ಕೊನೆಗೆ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್ ಆಗಿದೆ, ಇಲ್ಲವೇ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ತಗೊಳ್ಳಬೇಕು. ಎಜಿಪಿಎಲ್ ಇನ್ನೂ ಬಿಗಿ. ಕೋಡ್ ಬದಲಾಯಿಸಿ ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಂಡು ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೂ ಬಳಸುವವರಿಗೆ ಸೋರ್ಸ್ ಕೊಡಬೇಕು. ನಾವು ಹಳೆಯ ಐಟೆಕ್ಸ್ಟ್‌ನಿಂದ ಕವಲೊಡೆದ ಓಪನ್‌ಪಿಡಿಎಫ್‌ಗೆ ಬದಲಾದೆವು. ಇಂಪೋರ್ಟ್ ಸಾಲುಗಳನ್ನು ತಿದ್ದುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು, ರೂಪಾಯಿ ಚಿಹ್ನೆ ಬರಬೇಕಾದ ಕಡೆ ಖಾಲಿ ಜಾಗ ಬರುತ್ತಿದ್ದದ್ದನ್ನು ಸರಿಮಾಡಲು ಇನ್ನೊಂದು.

ಎಲ್‌ಜಿಪಿಎಲ್ ಆದರೆ ನಿಮ್ಮ ಕೋಡನ್ನು ಮುಚ್ಚಿಟ್ಟುಕೊಳ್ಳಬಹುದು. ಆದರೆ ಲೈಬ್ರರಿಯ ಸೋರ್ಸ್ ಕೊಡಬೇಕು, ಬೇಕಾದವರು ಆ ಲೈಬ್ರರಿಯನ್ನು ತಿದ್ದಿ ವಾಪಸ್ ಕೂರಿಸಿಕೊಳ್ಳುವಂತಿರಬೇಕು. ಪ್ರತ್ಯೇಕ ಜಾರ್ ಫೈಲಾಗಿ ಬಿಟ್ಟರೆ ಇದು ಸುಲಭ.

ಈಗಾಗಲೇ ಸೋರ್ಸ್ ಇಲ್ಲದೆ ಅಂಗಡಿಗಳಿಗೆ ಕೊಟ್ಟುಬಿಟ್ಟಿದ್ದರೆ ಮೊದಲು ಲೈಬ್ರರಿ ಯಾವ ಆವೃತ್ತಿಯ ಜಿಪಿಎಲ್ ಅಂತ ನೋಡಿ. ಎರಡನೆಯದಾದರೆ ತಪ್ಪಿದ ಕೂಡಲೇ ನಿಮ್ಮ ಹಕ್ಕು ಹೋಯಿತು ಅನ್ನುತ್ತದೆ. 2007ರ ಮೂರನೆಯದು ಸ್ವಲ್ಪ ಮೆತ್ತಗಿದೆ: ಕೋಡಿನ ಮಾಲೀಕರಿಂದ ಇದೇ ಮೊದಲ ಸಲ ನೋಟಿಸ್ ಬಂದಿದ್ದು, 30 ದಿನದೊಳಗೆ ಸರಿಮಾಡಿದರೆ ಹಕ್ಕು ವಾಪಸ್ ಬರುತ್ತದೆ. "ಅಥವಾ ಮುಂದಿನ ಆವೃತ್ತಿ" ಅಂತ ಫೈಲಿನ ತಲೆಯಲ್ಲಿ ಬರೆದಿದ್ದರೆ ಮೂರನೆಯದನ್ನು ನೀವೇ ಆರಿಸಿಕೊಳ್ಳಬಹುದು. ಆ ಮಾತು ಇದೆಯೋ ಇಲ್ಲವೋ ಅಂತ ಇವತ್ತೇ ನೋಡಿಬಿಡಿ.